ಕಾಯಕವೂ ಬೀಡುಕಬ್ಬಿಣವೂ

ಕಾಯಕದ ಹಿರಿಮೆಯನ್ನು ಬೋಧಿಸುವ ಶಾಲೆಯಲ್ಲಿ ಒಂದು ಚಿಕ್ಕ ಲೇತ್ ಏಕಿರಬಾರದು? ಪಂಪಿನ ಪುಲ್ಲಿ, ಆಲೆಮನೆಯ ಗಾಣದ ಉರುಳೆಗಳಿಂದಾಗಿ ಚಾಮರಾಜನಗರ, ಗುಂಡ್ಲುಪೇಟೆಗಳ ರೈತನಿಗೆ ಬೀಡುಕಬ್ಬಿಣ ಚಿರಪರಿಚಿತ. ಮನೆಯ ಚಿಕ್ಕ ಲೇತಿನಲ್ಲಿ ಅದನ್ನು ಕಡೆಯಬಲ್ಲವರು ಮಾತ್ರ ವಿರಳ.

ಎರಕದ ಹೊರಪದರ ಗಡುಸು. ಅಚ್ಚಿನ ಮರಳೂ ಅಂಟಿರುತ್ತದೆ. ಅಳುಕಿ ಮೇಲೆಮೇಲೆ ಕೆರೆದವನ ಉಳಿ ಮೊಂಡಾಗುವುದು. ವೇಗ ತಗ್ಗಿಸಿ, ಮೊದಲ ಸಲವೇ ಪದರದ ಅಡಿಗಿಳಿಯಬೇಕು. ಒಳಗೆ ಗ್ರಾಫೈಟ್ ಇರುವುದರಿಂದ ಎಣ್ಣೆಯ ಹಂಗಿಲ್ಲ. ಸುರುಳಿಯ ಬದಲು ಕರಿಯ ಪುಡಿ ಉದುರುತ್ತದೆ. ಅದನ್ನು ಆಗಾಗ ಒರೆಸದಿದ್ದರೆ ಲೇತಿನ ಹಾಸೇ ಸವೆಯುವುದು. (ಕೈ ಮಸಿಯಾಗುವುದು ಖಚಿತ, ಪೋಷಕರು ಕ್ಷಮಿಸಬೇಕು.) ಇಂಥ ಪಾಠ ಕರಿಹಲಗೆಯಿಂದ ಬಾರದು.

1941ರಲ್ಲಿ ಸ್ಥಾಪಿತವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸಿದ ನಾಡಿನಲ್ಲಿ ಹಳೆಯ ಲೇತ್ ದುರ್ಲಭವಲ್ಲ. ದಾನಿಗಳು ಮತ್ತೊಂದು ಸಭಾಂಗಣಕ್ಕೆ ಮುನ್ನ ಅಂಥದೊಂದನ್ನೂ, ಕಲಿಸಬಲ್ಲ ಅನುಭವಿ ಕೆಲಸಗಾರನ ಸಂಬಳವನ್ನೂ ಕೊಡಬೇಕು.