ಡ್ರ್ಯಾಗನ್ ಇದ್ದ ಮಾತ್ರಕ್ಕೆ ರಾಣಿಯೇ?

ಫ್ಯಾಂಟಸಿ ಕಥೆಗಳ ನಾಯಕರ ಬಲಾಬಲ ಅಳೆಯಲು ಹೊರಟ ಓದುಗರು ಮೊದಲು ಎಣಿಸುವುದು ಆಯುಧಗಳನ್ನು. ಮಂತ್ರದ ಕತ್ತಿ ಯಾರ ಕೈಯಲ್ಲಿದೆ, ಡ್ರ್ಯಾಗನ್ ಯಾರ ಮಾತು ಕೇಳುತ್ತದೆ, ಯಾರ ಮೈಯಲ್ಲಿ ರಾಜರಕ್ತ ಹರಿಯುತ್ತಿದೆ? ಈ ಪ್ರಕಾರದ ದೊಡ್ಡ ಲೇಖಕರು ಮಾತ್ರ ತಮ್ಮ ನಾಯಕರನ್ನು ನಿಜವಾಗಿ ಒರೆಗೆ ಹಚ್ಚುವುದು ಯುದ್ಧ ಮುಗಿದ ಮೇಲೆ.

‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್ 2014ರ ಸಂದರ್ಶನವೊಂದರಲ್ಲಿ ಟೋಲ್ಕಿನ್ ಬಗ್ಗೆ ಒಂದು ತಕರಾರು ಎತ್ತಿದ್ದರು. ಟೋಲ್ಕಿನ್ ಕಥೆಯ ನಾಯಕ ಅರಗಾರ್ನ್ ಪಟ್ಟವೇರಿ ಚೆನ್ನಾಗಿ ಆಳಿದ ಎಂದುಬಿಟ್ಟರೆ ಸಾಕೆ? ಅವನ ತೆರಿಗೆ ನೀತಿ ಏನಿತ್ತು? ನೆರೆ, ಬರ ಬಂದಾಗ ಏನು ಮಾಡಿದ? ನ್ಯಾಯವಾದ ಪ್ರಶ್ನೆಗಳೇ. ಆದರೆ ಟೋಲ್ಕಿನ್ ಬೇರೊಂದು ದಾರಿಯಲ್ಲಿ ಉತ್ತರ ಕೊಟ್ಟೇ ಇದ್ದಾರೆ.

1955ರಲ್ಲಿ ಬಂದ ‘ದ ರಿಟರ್ನ್ ಆಫ್ ದ ಕಿಂಗ್’ನಲ್ಲಿ ಮಿನಾಸ್ ತಿರಿತ್ ನಗರದ ಎದುರು ಭೀಕರ ಕಾಳಗ ನಡೆಯುತ್ತದೆ. ಗೆದ್ದ ಅರಗಾರ್ನ್ ಸಿಂಹಾಸನದ ಕಡೆ ಹೋಗುವುದಿಲ್ಲ. ಮಹಾಯುದ್ಧ ಇನ್ನೂ ಮುಗಿಯದಿರುವಾಗ ಪಟ್ಟದ ಜಗಳ ಬೇಡವೆಂದು ಕೋಟೆಯ ಹೊರಗೇ ಡೇರೆ ಹಾಕುತ್ತಾನೆ. ಗಾಯಾಳುಗಳ ಸ್ಥಿತಿ ಬಿಗಡಾಯಿಸಿ ಮಾಂತ್ರಿಕ ಗಂಡಾಲ್ಫ್ ಕರೆದಾಗಷ್ಟೇ ಒಳಗೆ ಬರುವುದು. ಬಂದವನು ಕೇಳುವುದು ಅಥೆಲಾಸ್ ಎಂಬ ಸೊಪ್ಪನ್ನು. ಔಷಧ ಉಗ್ರಾಣದ ಪಂಡಿತನಿಗೆ ಅದರ ಹೆಸರುಗಳೆಲ್ಲ ಬಾಯಿಪಾಠ, ಉಗ್ರಾಣದಲ್ಲಿ ಮಾತ್ರ ಒಂದೆಲೆಯೂ ಇಲ್ಲ. ಕಡೆಗೆ ಒಬ್ಬ ಹುಡುಗ ಹುಡುಕಿ ತಂದ ಎಲೆಗಳನ್ನು ಹೊಸಕಿ, ಹಬೆಯಾಡುವ ನೀರಿಗೆ ಹಾಕಿ, ಅರಗಾರ್ನ್ ಗಾಯಾಳು ಫರಾಮಿರ್‌ನನ್ನು ಎಚ್ಚರಿಸುತ್ತಾನೆ. ಆಮೇಲೆ ಸುದ್ದಿ ಹಬ್ಬಿ ಬಂದ ಊರವರಿಗೂ ನಡುರಾತ್ರಿ ಕಳೆಯುವವರೆಗೆ ಚಿಕಿತ್ಸೆ. ಬೆಳಗಾಗುವ ಮೊದಲೇ ಮತ್ತೆ ಡೇರೆಗೆ. ಕಿರೀಟ ತಲೆಗೇರುವ ಎಷ್ಟೋ ದಿನ ಮೊದಲು ಜನ ಅವನನ್ನು ಅರಸನೆಂದು ಗುರುತಿಸಿದ್ದು ಹೀಗೆ.

ಮಾರ್ಟಿನ್ ಕೂಡ ತಮ್ಮ ಪ್ರಶ್ನೆಗೆ ತಾವೇ ಉತ್ತರ ಹುಡುಕಿದರು. ಅವರ ಸರಣಿಯ 2011ರ ಕಾದಂಬರಿ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ನಲ್ಲಿ ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಮೀರೀನ್ ನಗರವನ್ನು ಗೆದ್ದು, ಗುಲಾಮರನ್ನು ಬಿಡಿಸಿ, ಗದ್ದುಗೆಯಲ್ಲಿ ಕೂತಿದ್ದಾಳೆ. ಅವಳ ಆಸ್ಥಾನಕ್ಕೆ ತಂದೆಯೊಬ್ಬ ತನ್ನ ಪುಟ್ಟ ಮಗಳ ಸುಟ್ಟ ಮೂಳೆಗಳನ್ನು ಹೊತ್ತು ತರುತ್ತಾನೆ. ಸುಟ್ಟದ್ದು ರಾಣಿಯ ಡ್ರ್ಯಾಗನ್. ಅವಳಿಗೆ ಗೆಲುವು ತಂದ ಶಕ್ತಿಯೇ ಪ್ರಜೆಯ ಮಗುವನ್ನು ತಿಂದಿದೆ. ಡೆನೇರಿಸ್ ಕೈಗೆ ಸಿಕ್ಕ ಎರಡು ಡ್ರ್ಯಾಗನ್‌ಗಳಿಗೆ ಸರಪಳಿ ಹಾಕಿಸುತ್ತಾಳೆ. ಆ ನಿರ್ಧಾರದಿಂದ ಅವಳ ಸೇನಾಬಲ ಕುಗ್ಗುತ್ತದೆ, ಶತ್ರುಗಳಿಗೆ ಧೈರ್ಯ ಬರುತ್ತದೆ. ಆದರೂ ಇಡೀ ಸರಣಿಯಲ್ಲಿ ಅವಳು ರಾಣಿಯಾಗಿ ಅತ್ಯಂತ ಎತ್ತರದಲ್ಲಿ ನಿಲ್ಲುವುದು ಅಲ್ಲೇ.

ಇದಕ್ಕೆ ತದ್ವಿರುದ್ಧವಾಗಿ, ಅದೇ ಸರಣಿಯ ರಾಬರ್ಟ್ ಬರಾಥಿಯನ್ ಗದೆ ಬೀಸಿ ಸಿಂಹಾಸನ ಗೆದ್ದವನು, ಆಳಲು ಮಾತ್ರ ಬಾರದವನು. ಬೇಟೆ, ಕುಡಿತ, ಪಂದ್ಯಾವಳಿಗಳಲ್ಲಿ ಕಾಲ ಕಳೆದು ರಾಜ್ಯವನ್ನು 60 ಲಕ್ಷ ಚಿನ್ನದ ನಾಣ್ಯಗಳ ಸಾಲಕ್ಕೆ ತಳ್ಳುತ್ತಾನೆ.

ನಮ್ಮ ಪ್ರೇಕ್ಷಕರು ಚೆನ್ನಾಗಿ ಬಲ್ಲ ‘ಬಾಹುಬಲಿ’ಯ (2015) ತಿರುವೂ ಬಲ ಮತ್ತು ಅರಸುತನದ ನಡುವಿನ ಇದೇ ಅಂತರದ ಮೇಲೆ ನಿಂತಿದೆ. ದಾಳಿಗೆ ಬಂದ ಕಾಲಕೇಯರು ಸೆರೆಯಾಳುಗಳನ್ನು ಗುರಾಣಿಯಂತೆ ಮುಂದೆ ನಿಲ್ಲಿಸಿದಾಗ ಭಲ್ಲಾಳದೇವ ಅವರನ್ನೂ ಕತ್ತರಿಸಿಕೊಂಡು ನುಗ್ಗುತ್ತಾನೆ. ಬಾಹುಬಲಿ ಅವರನ್ನು ಉಳಿಸಿಕೊಂಡು ಮುನ್ನಡೆಯುತ್ತಾನೆ. ಶತ್ರು ನಾಯಕನನ್ನು ಕೊಂದವನು ಭಲ್ಲಾಳ. ರಾಜಮಾತೆ ಶಿವಗಾಮಿ ರಾಜನೆಂದು ಘೋಷಿಸಿದ್ದು ಬಾಹುಬಲಿಯನ್ನು.

ಆದರೆ ಆ ಚಿತ್ರದ ಯಶಸ್ಸಿನಿಂದ ಅನೇಕರು ಕಲಿತದ್ದು ಬೃಹತ್ ಸೆಟ್, ನಿಧಾನಗತಿಯ ಪ್ರವೇಶ, ಘರ್ಜಿಸುವ ಹಿನ್ನೆಲೆ ಸಂಗೀತ. ಶಿವಗಾಮಿಯ ಆ ತೀರ್ಪು ಮರೆತೇಹೋಯಿತು. ಕನ್ನಡದಲ್ಲಿ ಹೊಸ ಲೋಕಗಳನ್ನು ಕಟ್ಟಲು ಹೊರಟಿರುವ ಬರಹಗಾರರು ಮತ್ತು ನಿರ್ದೇಶಕರು ದಯವಿಟ್ಟು ಅದನ್ನು ಮತ್ತೆ ಕೈಗೆತ್ತಿಕೊಳ್ಳಲಿ. ನಾಯಕನಿಗೆ ಎಷ್ಟು ದೊಡ್ಡ ಕತ್ತಿಯನ್ನಾದರೂ ಕೊಡಿ. ಜೊತೆಗೆ, ದೂರು ಹೊತ್ತು ಬಂದ ಒಬ್ಬ ಸಾಮಾನ್ಯ ಪ್ರಜೆಯನ್ನೂ ಅವನ ಮುಂದೆ ತಂದು ನಿಲ್ಲಿಸಿ.