ಹೇಗ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಗಿರಣಿಗಳನ್ನೂ ಕೇಳಿ



ದೇಶದೇಶಗಳ ನಡುವಿನ ವ್ಯಾಪಾರದಲ್ಲಿ ತಂಟೆ ಬಂದರೆ ಯಾವ ಕೋರ್ಟಿಗೆ ಹೋಗಬೇಕು ಎಂಬ ಬಗ್ಗೆ 2005ರ ಜೂನ್ 30ರಂದು ಹೇಗ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿದೆ. ಭಾರತವೂ ಅದಕ್ಕೆ ಸೇರಲಿ ಎಂದು ಕಾನೂನು ಬಲ್ಲವರು ಆಗಾಗ ಒತ್ತಾಯಿಸುತ್ತಾರೆ. ಸೇರಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಇದ್ದ ಹಾಗೆಯೇ ಸಹಿ ಬಿದ್ದರೆ ಸಿರುಗುಪ್ಪದಂಥ ಊರಿನ ಸಣ್ಣ ಅಕ್ಕಿ ಗಿರಣಿಯ ಗತಿಯೇನು ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಒಪ್ಪಂದದ ತಿರುಳು ಸರಳ. ಇಬ್ಬರು ವ್ಯಾಪಾರಿಗಳು ಕರಾರಿನಲ್ಲಿ ಒಂದು ಕೋರ್ಟನ್ನು ಹೆಸರಿಸಿದರೆ ಆ ಕೋರ್ಟು ದಾವೆ ನಡೆಸಲೇಬೇಕು, ಬೇರೆ ದೇಶದ ಕೋರ್ಟುಗಳು ಕೈಹಾಕಬಾರದು, ಅದು ಕೊಟ್ಟ ತೀರ್ಪನ್ನು ಉಳಿದ ಸದಸ್ಯ ದೇಶಗಳು ಜಾರಿ ಮಾಡಬೇಕು. 2015ರಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಮೆಕ್ಸಿಕೊ ನಡುವೆ ಇದು ಜಾರಿಗೆ ಬಂತು. ಮರುವರ್ಷ ಸಿಂಗಪುರ, 2025ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್ ಸೇರಿದವು. ಬ್ರಿಟನ್ ಕೂಡ ಇದೆ. ಅಮೆರಿಕ, ಚೀನಾ ಸಹಿ ಹಾಕಿ ಸುಮ್ಮನಿವೆ. ಈ ಒಪ್ಪಂದವನ್ನು ರೂಪಿಸಿದ ಹೇಗ್ ಸಮ್ಮೇಳನ ಎಂಬ ಸಂಸ್ಥೆಗೆ 2008ರಿಂದ ಸದಸ್ಯನಾಗಿರುವ ಭಾರತ ಈ ಒಪ್ಪಂದಕ್ಕೆ ಸಹಿಯನ್ನೂ ಹಾಕಿಲ್ಲ.

ನಮ್ಮ ಪೇಟೆಯ ಯಾವ ಬಿಲ್ ಪುಸ್ತಕ ತೆಗೆದರೂ ಕೊನೆಯ ಸಾಲಿನಲ್ಲಿ ‘ಸಬ್ಜೆಕ್ಟ್ ಟು ಸಿರುಗುಪ್ಪ ಜೂರಿಸ್‌ಡಿಕ್ಷನ್’ ಎಂದಿರುತ್ತದೆ. ಆದೋನಿ ಹತ್ತಿ ವ್ಯಾಪಾರಿಯ ಬಿಲ್ಲಿನಲ್ಲಿ ಆದೋನಿ, ಹೈದರಾಬಾದಿನ ಬೀಜದ ಕಂಪನಿಯದರಲ್ಲಿ ಹೈದರಾಬಾದ್. ಪ್ರೆಸ್ಸಿನವರು ಕೇಳದೆಯೇ ಹಾಕಿಕೊಡುವ ಈ ಸಾಲಿನ ಮೇಲೆ ಸುಪ್ರೀಂ ಕೋರ್ಟಿನವರೆಗೆ ಎಷ್ಟು ಜಗಳವಾಗಿದೆ ಎಂಬುದು ಹಾಕಿಸಿಕೊಂಡವರಿಗೇ ಗೊತ್ತಿರುವುದಿಲ್ಲ. ಅಧಿಕಾರವೇ ಇಲ್ಲದ ಕೋರ್ಟಿಗೆ ಕರಾರಿನ ಮೂಲಕ ಅಧಿಕಾರ ಕೊಡಲಾಗದು, ಅಧಿಕಾರವಿರುವ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದು 1971ರ ಹಾಕಂ ಸಿಂಗ್ ಪ್ರಕರಣದಲ್ಲಿ ಹೇಳಲಾಯಿತು. ‘ಮಾತ್ರ’ ಎಂಬ ಪದ ಇಲ್ಲದಿದ್ದರೂ ಹೆಸರಿಸಿದ ಊರಿನ ಕೋರ್ಟಿಗೇ ಹೋಗಬೇಕು ಎಂದು 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ತೀರ್ಮಾನವಾಯಿತು.

ಇವೆರಡರ ನಡುವೆ ಬಂದ 1991ರ ಪಟೇಲ್ ರೋಡ್‌ವೇಸ್ ಪ್ರಕರಣ ನನಗೆ ಮುಖ್ಯ. ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಯೊಬ್ಬರು ಆ ಲಾರಿ ಕಂಪನಿಯ ಅಲ್ಲಿಯ ಶಾಖೆಯಲ್ಲೇ ದಿಲ್ಲಿಗೆ ಮಾಲು ಬುಕ್ ಮಾಡಿದ್ದರು. ಗೋದಾಮಿಗೆ ಬೆಂಕಿ ಬಿದ್ದು ಮಾಲು ಹಾಳಾಯಿತು. ಬಾಂಬೆ ಕೋರ್ಟಿಗೇ ಬನ್ನಿ ಎಂಬುದು ಲಾರಿ ಕಂಪನಿಯ ವಾದ, ಏಕೆಂದರೆ ಕರಾರಿನಲ್ಲಿ ಹಾಗೆ ಬರೆದಿತ್ತು. ಕೋರ್ಟು ಒಪ್ಪಲಿಲ್ಲ. ಶಾಖೆ ಇರುವ ಊರಿನಲ್ಲೇ ವ್ಯವಹಾರ ನಡೆದಿರುವಾಗ, ಮುಖ್ಯ ಕಚೇರಿ ಬಾಂಬೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ಕೋರ್ಟಿಗೆ ಅಧಿಕಾರ ಬರುವುದಿಲ್ಲ, ಕರಾರಿನಲ್ಲಿ ಬರೆದುಕೊಂಡರೂ ಬರುವುದಿಲ್ಲ ಎಂದಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನ ಒಂದು ವಿವರಣೆ ಆ ವ್ಯಾಪಾರಿಯನ್ನು ಉಳಿಸಿತು.

ಹೇಗ್ ಒಪ್ಪಂದದಲ್ಲಿ ಸಣ್ಣ ವ್ಯಾಪಾರಿಗೆ ಇಂಥ ಆಸರೆ ತೀರಾ ಕಡಿಮೆ. ಗ್ರಾಹಕರ ಕರಾರು, ನೌಕರಿಯ ಕರಾರುಗಳನ್ನು ಅದು ಹೊರಗಿಟ್ಟಿದೆ, ಸರಕು ಸಾಗಣೆಯನ್ನೂ ಬಿಟ್ಟಿದೆ. ಆದರೆ ಮಾರಾಟದ ಕರಾರು ಒಳಗಿದೆ, ಮಾರುವವನು ಎಷ್ಟೇ ಸಣ್ಣವನಾಗಿದ್ದರೂ. ಎದ್ದುಕಾಣುವ ಅನ್ಯಾಯವಾಗುವಂತಿದ್ದರೆ ಬೇರೆ ಕೋರ್ಟು ಮಧ್ಯೆ ಬರಬಹುದು ಎಂಬ ಒಂದು ಸಂದು ಇದೆ. ಖರ್ಚು ಜಾಸ್ತಿ, ಊರು ದೂರ ಎಂಬ ಕಾರಣಕ್ಕೆ ಅದು ತೆರೆದೀತು ಎಂದು ನನಗನ್ನಿಸುವುದಿಲ್ಲ.

ಕರಾರು ಹೇಗೆ ಬರುತ್ತದೆ ಎಂದು ನೋಡಿದವರಿಗೆ ನನ್ನ ಆತಂಕ ಅರ್ಥವಾದೀತು. ದಲ್ಲಾಳಿ ವಾಟ್ಸ್‌ಆ್ಯಪಿನಲ್ಲಿ ಪಿಡಿಎಫ್ ಕಳಿಸುತ್ತಾನೆ. ಸಾವುಕಾರರು ದರ, ನುಚ್ಚಿನ ಶೇಕಡಾವಾರು, ತೇವಾಂಶ, ಚೀಲದ ತೂಕ ಇಷ್ಟನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ. ಕೊನೆಯ ಪುಟಕ್ಕೆ ಸಹಿ, ಅದರ ಮೇಲೆ ಗಿರಣಿಯ ರಬ್ಬರ್ ಸೀಲು. ‘ಸಿಂಗಪುರದ ನ್ಯಾಯಾಲಯಗಳು’ ಎಂಬ ಸಾಲು ನಡುವಿನ ಯಾವುದೋ ಪುಟದಲ್ಲಿ ಕೂತಿರುತ್ತದೆ. ಸರಕು ಮುಟ್ಟಿದ ಮೇಲೆ ನುಚ್ಚು ಜಾಸ್ತಿ ಇದೆ ಎಂದು ಪಾರ್ಟಿ ಹಣ ತಡೆದರೆ ಆಗ ಆ ಸಾಲನ್ನು ಓದಬೇಕಾಗುತ್ತದೆ. ಒಂದು ಕಂಟೇನರ್ ಎಂದರೆ ಸುಮಾರು 25 ಟನ್ ಅಕ್ಕಿ, ಹತ್ತು ಲಕ್ಷದ ಆಸುಪಾಸಿನ ಮಾಲು. ಅದಕ್ಕಾಗಿ ಹೊರದೇಶದಲ್ಲಿ ವಕೀಲರನ್ನು ಹಿಡಿದರೆ ಗೆದ್ದರೂ ಕೈಗೆ ಏನು ಉಳಿದೀತು?

ಇನ್ನೊಂದು ಸಂಗತಿ ದಿಲ್ಲಿಯವರು ಮರೆಯಬಾರದು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು, ತೆರವು ಮಾಡಿದ್ದು 2024ರ ಸೆಪ್ಟೆಂಬರಿನಲ್ಲಿ. ಇಂಥ ಆದೇಶ ಬಿದ್ದಾಗ ಕೈಯಲ್ಲಿರುವ ಕರಾರು ಮುರಿಯಿತೋ, ಮಾಫಿಯೋ ಎಂದು ಹೇಳುವವರು ಯಾರು? ಆದೇಶ ನಮ್ಮ ಸರ್ಕಾರದ್ದು, ಅದರ ಫಲ ಏನೆಂದು ತೀರ್ಮಾನಿಸುವುದು ಕೊಳ್ಳುವವನು ಆರಿಸಿದ ದೇಶದ ಕೋರ್ಟು ಎಂದಾದರೆ ಅದರ ಹೊರೆಯೆಲ್ಲ ಮಾರಿದವನ ತಲೆಗೇ.

ಒಪ್ಪಂದದ ಪರ ಇರುವವರ ಮಾತಿನಲ್ಲೂ ತೂಕವಿದೆ. ಲಂಡನ್ ಹೈಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ತಂದು ಬಳ್ಳಾರಿ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಂತೆ ಇಲ್ಲಿಯ ಡಿಕ್ರಿಯ ಹಾಗೆಯೇ ಜಾರಿಗೆ ಬರಬಹುದು. ಸಿಂಗಪುರಕ್ಕೂ, 2020ರಿಂದ ಯುಎಇಗೂ ಈ ಸವಲತ್ತಿದೆ. ಜರ್ಮನಿಯ ತೀರ್ಪಿಗೆ ಇಲ್ಲ, ಅದನ್ನಿಟ್ಟುಕೊಂಡು ಇಲ್ಲಿ ಹೊಸ ದಾವೆ ಹೂಡಬೇಕು. ನಮ್ಮ ತೀರ್ಪು ಯುರೋಪಿಗೆ ಹೋದರೆ ಅಲ್ಲಿಯೂ ಪಾಡು ಸುಲಭವಲ್ಲ. ಕೋರ್ಟಿನ ಹೊರಗಿನ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪುಗಳಿಗೆ ನ್ಯೂಯಾರ್ಕ್ ಒಪ್ಪಂದವಿದೆ, ಭಾರತ ಅದನ್ನು 1960ರಲ್ಲೇ ಒಪ್ಪಿದೆ ನಿಜ. ಆದರೆ ಧಾನ್ಯ ವ್ಯಾಪಾರದ ಪಂಚಾಯ್ತಿ ಲಂಡನ್ನಿನಲ್ಲಿ ಕೂತು ಪೌಂಡಿನಲ್ಲಿ ಶುಲ್ಕ ಕೇಳುತ್ತದೆ. ಆದ್ದರಿಂದ ಹೇಗ್ ಬೇಡ ಎನ್ನಲು ನನಗೆ ಬಾಯಿಲ್ಲ.

ನನ್ನ ತಕರಾರು ಸೇರುವ ರೀತಿಯ ಬಗ್ಗೆ. ಒಪ್ಪಂದದ 21ನೇ ವಿಧಿಯಲ್ಲಿ ಒಂದು ನಿರ್ದಿಷ್ಟ ವಿಷಯವನ್ನು ಹೊರಗಿಡುತ್ತೇವೆ ಎಂದು ಘೋಷಿಸಲು ಅವಕಾಶವಿದೆ. ಯುರೋಪಿಯನ್ ಒಕ್ಕೂಟ ವಿಮಾ ಕರಾರುಗಳನ್ನು ಬಹುಮಟ್ಟಿಗೆ ಹೀಗೆಯೇ ಹೊರಗಿಟ್ಟಿತು, ದುರ್ಬಲ ಪಕ್ಷವನ್ನು ಕಾಯಬೇಕು ಎಂಬ ಕಾರಣ ಕೊಟ್ಟಿತು. ಅವರು ಮಾಡಿದ್ದನ್ನು ನಾವು ಯಾಕೆ ಮಾಡಬಾರದು? ನಮ್ಮದೇ 2006ರ ಸಣ್ಣ ಉದ್ಯಮಗಳ ಕಾಯ್ದೆಯ 18ನೇ ಕಲಂ, ಮಾಲು ಪೂರೈಸಿದವನ ಊರಿನ ವ್ಯಾಪ್ತಿಯ ಫೆಸಿಲಿಟೇಷನ್ ಕೌನ್ಸಿಲಿಗೆ ಬಾಕಿ ವಸೂಲಿಯ ಅರ್ಜಿ ಕೇಳುವ ಅಧಿಕಾರ ಕೊಟ್ಟಿದೆ, ಕೊಂಡವನು ಭಾರತದಲ್ಲಿ ಎಲ್ಲಿಯೇ ಇರಲಿ. ಕರಾರಿನಲ್ಲಿ ಬೇರೆ ಪಂಚಾಯ್ತಿ ಬರೆದಿದ್ದರೂ ಈ ಕಾಯ್ದೆಯೇ ಮೇಲು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೇಶದ ಗಡಿ ದಾಟಿದೊಡನೆ ಈ ರಕ್ಷಣೆ ನಿಂತುಹೋಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರ ಬಾಕಿ ಹಣದ ದಾವೆಗಳನ್ನು ಘೋಷಣೆಯ ಮೂಲಕ ಹೊರಗಿಟ್ಟು, ಉಳಿದದ್ದಕ್ಕೆ ಧಾರಾಳವಾಗಿ ಸಹಿ ಹಾಕಲಿ.

ಇದಕ್ಕೆ ಬೆಲೆ ತೆರಬೇಕು, ಅದನ್ನೂ ಹೇಳಿಬಿಡುತ್ತೇನೆ. ನಾವು ಹೊರಗಿಟ್ಟ ವಿಷಯದಲ್ಲಿ ನಮ್ಮ ಕೋರ್ಟನ್ನು ಆರಿಸಿಕೊಂಡ ಕರಾರನ್ನು ಬೇರೆ ದೇಶಗಳೂ ಮನ್ನಿಸಬೇಕಿಲ್ಲ. ಆದರೆ ಬಳ್ಳಾರಿ ಕೋರ್ಟು ಎಂದು ಬರೆದ ಕರಾರಿಗೆ ಸಹಿ ಹಾಕುವ ವಿದೇಶಿ ಪಾರ್ಟಿಯನ್ನು ನಾನಂತೂ ಇನ್ನೂ ಕಂಡಿಲ್ಲ.

ಕೇಂದ್ರ ಕಾನೂನು ಸಚಿವಾಲಯ ಈ ಬಗ್ಗೆ ಅಭಿಪ್ರಾಯ ಕೇಳುವ ದಿನ ಬಂದರೆ, ಇಂಗ್ಲಿಷಿನ ಒಂದು ಪ್ರಕಟಣೆ ಹಾಕಿ ಕೈತೊಳೆದುಕೊಳ್ಳುವುದು ಬೇಡ. ಕರಡನ್ನು ಕನ್ನಡದಲ್ಲಿ ಎಪಿಎಂಸಿಗಳಿಗೆ, ರೈಸ್ ಮಿಲ್ ಮಾಲೀಕರ ಸಂಘಗಳಿಗೆ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿಗೆ ಕಳಿಸಲಿ. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಇಷ್ಟನ್ನಾದರೂ ಕೇಳಲಿ.

— ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡುವವ, ಸಿರುಗುಪ್ಪ