ಎರಡನೆಯ ವಾರದ ಜ್ವರ

ಕೀಮೋ ಔಷಧಗಳಲ್ಲಿ ಕೆಲವು ರಕ್ತದ ಮೂಲಕೋಶಗಳಲ್ಲಿ ದೀರ್ಘಕಾಲದ ಗುರುತು ಉಳಿಸುತ್ತವೆಂದು ಬ್ರಿಟನ್ನಿನ ವಿಜ್ಞಾನಿಗಳು 23 ಮಂದಿ ರೋಗಿಗಳ ರಕ್ತ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ಗಮನಿಸತಕ್ಕ ವಿಚಾರವೇ ಸರಿ. ಆದರೆ ಮಂಗಳೂರಿಗೋ ತಲಶ್ಶೇರಿಗೋ ಹೋಗಿ ಔಷಧ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಮರಳುವ ನಮ್ಮ ಜಿಲ್ಲೆಯವರಿಗೆ ಅದಕ್ಕಿಂತ ಮೊದಲು ತಿಳಿದಿರಬೇಕಾದುದು ಆ ಬಳಿಕದ ಮೂರು ವಾರಗಳ ಸಂಗತಿ.

ಎಲುಬಿನ ಮಜ್ಜೆಯಲ್ಲಿರುವ ಮೂಲಕೋಶಗಳ ಇರವನ್ನು 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಇಲಿಗಳಲ್ಲಿ ತೋರಿಸಿಕೊಟ್ಟರು. ರಕ್ತಕಣಗಳೆಲ್ಲವೂ ಇವುಗಳ ಸಂತತಿ. ಆದರೆ ಮೂಲಕೋಶಗಳು ಬಹುಕಾಲ ನಿದ್ರಿಸುತ್ತಿರುತ್ತವೆ. ದಿನನಿತ್ಯದ ದುಡಿಮೆ ಮಕ್ಕಳು ಮೊಮ್ಮಕ್ಕಳದು. ಕೀಮೋ ಮುಖ್ಯವಾಗಿ ಕೊಲ್ಲುವುದು ವಿಭಜನೆಯಾಗುತ್ತಿರುವ ಕೋಶಗಳನ್ನು. ಹೀಗಾಗಿ ದುಡಿಯುವವು ಸಾಯುತ್ತವೆ, ಮಲಗಿರುವವು ಬಹುಪಾಲು ಉಳಿಯುತ್ತವೆ. ಗದ್ದೆಯ ಪೈರು ನೆರೆಗೆ ಹೋದರೂ ಅಟ್ಟದ ಮೇಲೆ ಬಿತ್ತಿನ ಮುಡಿ ಉಳಿದ ಹಾಗೆ. ಕಣಗಳು ಕಡಿಮೆಯಾದೊಡನೆ ಮೂಲಕೋಶಗಳು ಎಚ್ಚೆತ್ತು ವಿಭಜಿಸತೊಡಗುತ್ತವೆ. ಕೊರತೆ ತುಂಬಿದ ಮೇಲೆ ಮತ್ತೆ ಮಲಗುತ್ತವೆ.

ಬಿತ್ತಿದ ದಿನವೇ ಕೊಯ್ಲಿಲ್ಲವಷ್ಟೆ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ರೋಗಾಣುಗಳೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣದ್ದು ತೀರಾ ಕಡಿಮೆ. ಆದುದರಿಂದ ಮೊದಲು ಬರಿದಾಗುವುದು ಅದೇ. ಹೆಚ್ಚಿನ ಔಷಧಗಳಲ್ಲಿ ಅದು 7ರಿಂದ 14ನೆಯ ದಿನದೊಳಗೆ ತಳ ಮುಟ್ಟಿ, ಮೂರು ನಾಲ್ಕು ವಾರಕ್ಕೆ ಮೇಲೇರುತ್ತದೆ. ಮುಂದಿನ ಕಂತಿಗೆ ವೈದ್ಯರು ಕಾಯಿಸುವುದು ಇದಕ್ಕಾಗಿ. 1991ರಿಂದ ಬಳಕೆಯಲ್ಲಿರುವ ಒಂದು ಚುಚ್ಚುಮದ್ದು ಈ ಅವಧಿಯನ್ನು ಮೊಟಕುಗೊಳಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಈ ನಡುವೆ 100.4 ಡಿಗ್ರಿ ಜ್ವರ ಕಂಡರೆ ಮಾತ್ರೆ ನುಂಗಿಸಿ ಬೆಳಗಿನತನಕ ನೋಡೋಣವೆನ್ನುವುದು ಪ್ರಾಣಕ್ಕೆ ಸಂಚಕಾರ. ಕೀವಾಗಲೂ ಬಿಳಿಕಣ ಬೇಕು. ಅದಿಲ್ಲದಾಗ ಜ್ವರವೊಂದೇ ಸೋಂಕಿನ ಲಕ್ಷಣವಾಗಿರಬಹುದು. ಆ್ಯಂಟಿಬಯಾಟಿಕ್ ತಡವಿಲ್ಲದೆ ರಕ್ತನಾಳಕ್ಕೆ ಹೋಗಬೇಕು.

2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ದೂರದ ಆಸ್ಪತ್ರೆಯನ್ನೇ ನಂಬುವುದರ ಫಲವನ್ನು ನಾವು ಉಂಡಿದ್ದೇವೆ. ರಾತ್ರಿಯಲ್ಲೂ ರಕ್ತಕಣ ಎಣಿಸಿ ಮೊದಲ ಡೋಸು ಕೊಡುವ ಏರ್ಪಾಡು ತಾಲೂಕು ಆಸ್ಪತ್ರೆಗಳಲ್ಲಿ ಆಗಬೇಕು. ನಮ್ಮ ಪ್ರತಿನಿಧಿಗಳು ಕೇಳಬೇಕಾದುದು ಇದನ್ನು. ಅಲ್ಲಿಯತನಕ ಮನೆಯವರು ಮಾಡಬಹುದಾದುದೂ ಇದೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಯಾವ ದಿನಗಳಲ್ಲಿ ಜ್ವರಕ್ಕೆ ಹೆದರಬೇಕು, ರಾತ್ರಿ ಯಾರಿಗೆ ಫೋನು ಮಾಡಬೇಕು ಎಂಬಿಷ್ಟನ್ನು ಕೇಳಿ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.